ಕುಲ ಆರಿಸು

ಬೆಟಗೇರಿ ಬಸ್‌ಸ್ಟ್ಯಾಂಡ್ ಹಿಂದ, ತಾಸಿಗೆ ಮೂವತ್ತು ರೂಪಾಯಿ.
ಸ್ಕ್ರೀನ್ ಕೇಳತೈತಿ: ಕುಲ ಆರಿಸು.
ಮನುಷ್ಯಾ, ಎಲ್ಫ್, ಕುಳ್ಳಾ, ಓರ್ಕ್.
ಮುಗೀತು.

ಇಷ್ಟ ಏನು?

ಮಾಗಡಿ ಕೆರಿಗೆ ಚಳಿಗಾಲಕ್ಕ ಬರ್ತಾವಲ್ಲ,
ತಲಿಮ್ಯಾಗ ಎರಡು ಕರೇ ಪಟ್ಟಿ,
ಹಿಮಾಲಯ ದಾಟಿದ ಹೆಬ್ಬಾತು,
ಆ ಕುಲ ಬೇಕು ನನಗ.
ರಾತ್ರಿ ಶೇಂಗಾ ಹೊಲ ಮೇಯ್ದು
ಬೆಳಕು ಹರಿಯೂದ್ರಾಗ ನೀರಿಗೆ ಮರಳೋರು.
ಇಲ್ಲಂದ್ರ ಕಪ್ಪತಗುಡ್ಡದ ಕತ್ತೆಕಿರುಬ,
ಬೆನ್ನು ಡೊಂಕಿದ್ರೂ ನಡೀತೈತಿ.

ಬಾಜೂ ಕುರ್ಚಿ ಫಕ್ರುದ್ದೀನ, ಟೇಲರ್ ಮಗ, ನಕ್ಕ:
"ಕೊಕ್ಕಿಗೆ ಜಾಗಾ ಬಿಟ್ಟು ಟೊಪ್ಪಿಗಿ ಹೊಲೀಬೇಕಲೇ ಅವರು."
ಹೊಲೀಲಿ.

ನಿನ್ನೆ ಕಾಲೇಜ್ ಫಾರ್ಮಿನ್ಯಾಗೂ ಇಂಥಾದ ಒಂದು ಖಾನೆ.
ಅಲ್ಲಿ ಆರಿಸು ಅಂದಿರಲಿಲ್ಲ,
ಬರೀರಿ ಅಂದಿದ್ರು.

ಹನ್ನೊಂದು ನಿಮಿಷ ಉಳದಾವ.
ಬಾಣದ ಗುರುತು ಮನುಷ್ಯಾನ ಮ್ಯಾಲ ನಿಂತೈತಿ,
ಬೆರಳು ಒತ್ತವಲ್ದು.