ಅರ್ಧ ಸುತ್ತು

ಹಚ್ಚಿದರೆ ನಡುಗುವುದು,
ಆರಿಸಿ ಮಲಗಿದರೆ
ಎರಡು ಉಸಿರಿಗೊಮ್ಮೆ ಮಿಣಕ್ಕೆಂದು
ಮತ್ತೆ ಏನೂ ಅರಿಯದ ಹಾಗೆ ಸುಮ್ಮನಾಗುವುದು.
ನಾಲ್ಕು ತಿಂಗಳು ನೋಡಿದೆ.
ಬಲ್ಬು ಬದಲಿಸಿದೆ, ಹೋಲ್ಡರು ಬದಲಿಸಿದೆ,
ಆಮೇಲೆ ಬಲ್ಬು ಕೊಟ್ಟ ಅಂಗಡಿಯವನ ಕೂಡ ಮಾತು ಬಿಟ್ಟೆ.

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಎದುರು ಮನೆಯವರು ನೀರಿನ ಮೋಟಾರು ಹಾಕಿದರೆ
ನಮ್ಮ ಮನೆಯ ಬೆಳಕು ಒಂದು ಗಳಿಗೆ ತಲೆ ತಗ್ಗಿಸುತ್ತದೆ.
ಅದು ಬೇರೆ. ಅದರ ಕಾರಣ ಗೊತ್ತು,
ಅದರ ಮೇಲೆ ನನಗೆ ಸಿಟ್ಟಿಲ್ಲ.
ಇದು ಆರಿಸಿದರೂ
ಆರಿದ್ದನ್ನು ಒಪ್ಪದ ಬೆಳಕು.

ಭಾನುವಾರ ಉಗ್ಗಾಣಿ ತಿನ್ನುವ ಹೊತ್ತಿಗೆ
ಹೊನ್ನೂರ್ ಸಾಬ್ ಬಂದ, ಕಿವಿಗೆ ಟೆಸ್ಟರು ಸಿಗಿಸಿಕೊಂಡು.
ಸ್ವಿಚ್ಚು ಆರಿಸು ಅಂದ.
ಬಲ್ಬು ಬಿಚ್ಚಿ ಹೋಲ್ಡರಿನೊಳಗೆ ಟೆಸ್ಟರು ಮುಟ್ಟಿಸಿದ.
ಹಿಡಿಕೆಯೊಳಗೆ ಕೆಂಪು ಕಿಡಿ.

"ನೋಡು ಸುಂಕಮ್ಮಕ್ಕ,
ನೀ ಮುಚ್ಚಿದ್ದು ಕರೆಂಟು ಬರೋ ದಾರಿ ಅಲ್ಲ,
ಹೋಗೋ ದಾರಿ.
ಬಂದದ್ದು ಒಳಗೇ ಕುಂತೈತಿ.
ಯಾರು ಮಾಡಿದ್ರು ಈ ವೈರಿಂಗ್?"

ಮಾಡಿದವರು ಅಲ್ಲೇ ಇದ್ದರು,
ಐಟಿಐ ಒಂದು ವರ್ಷ ಓದಿದವರು,
ಗೋಡೆಯ ಕ್ಯಾಲೆಂಡರಿನಲ್ಲಿ
ಅಮವಾಸ್ಯೆ ಎಂದಿದೆ ಎಂದು ಬಹಳ ಹೊತ್ತು ಹುಡುಕಿದರು.

"ಗುಂಡು ಬಲ್ಬಿದ್ದಾಗ್ಲೂ ಇದೇ ತಪ್ಪಿತ್ತು.
ಅದಕ್ಕೆ ಅರವತ್ತು ವ್ಯಾಟಿನ ಹಸಿವು,
ಈ ಚೂರು ಸೋರಿಕೆ ಹಲ್ಲಿಗೂ ಸಾಲ್ತಿರ್ಲಿಲ್ಲ.
ಎಲ್‌ಇಡಿಗೆ ಎಂಜಲಷ್ಟು ಸಾಕು.
ಹನಿಹನಿ ಕುಡೀತೈತಿ, ಹೊಟ್ಟೆ ತುಂಬಿದ ಮ್ಯಾಲೆ
ಒಂದ್ಸಲ ತೇಗ್ತೈತಿ. ಅದೇ ನಿನ್ನ ಮಿಣುಕು."

ಮೇನು ಇಳಿಸಿದ. ಬೋರ್ಡು ಬಿಚ್ಚಿದ.
ಕೆಂಪು ವೈರು ಸ್ವಿಚ್ಚಿಗೆ, ಕಪ್ಪು ನೆಟ್ಟಗೆ ಬಲ್ಬಿಗೆ.
ಕಪ್ಪಿನ ಸ್ಕ್ರೂ ಸಡಿಲಾಗಿ, ಸುತ್ತ ಸುಟ್ಟು ಕಂದಾಗಿತ್ತು.
ನಡುಗಿದ್ದು ಅದಕ್ಕೇ.
ತುದಿ ಕೆರೆದು, ಸಿಕ್ಕಿಸಿ, ಸ್ಕ್ರೂ ಡ್ರೈವರು ಹಿಡಿದು
ಅರ್ಧ ಸುತ್ತು. ಅಷ್ಟೇ.

ಆ ರಾತ್ರಿ ಕತ್ತಲು ಪೂರ್ತಿ ಕತ್ತಲಾಗಿ
ನನಗೆ ನಿದ್ದೆ ಬರಲಿಲ್ಲ.

ಹೋಗುವಾಗ ಅವನು
ಮಗಳು ಮೌನಿಕಾಳ ಫೋನು ಇಸಿದುಕೊಂಡು
ಅಡುಗೆಮನೆಯ ಅಗ್ಗದ ಬಲ್ಬಿಗೆ ಕ್ಯಾಮೆರಾ ಹಿಡಿದು ತೋರಿಸಿದ್ದ:
ಗೋಡೆಯ ಮೇಲೆ ಕರಿ ಪಟ್ಟಿಗಳು ತೆವಳುತ್ತಿದ್ದವು.
ಸೆಕೆಂಡಿಗೆ ನೂರು ಸಲ ಆರಿ ಹತ್ತುತ್ತದಂತೆ, ಕಣ್ಣಿಗೆ ಹೇಳದೆ.
ಕೋಣೆಯ ಬಲ್ಬಿಗೆ ಹಿಡಿದರೆ ಗೋಡೆ ಬರೀ ಬಿಳಿ.

ಸೋಮವಾರ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ
ಫೋನು ಎತ್ತಿ ನಮ್ಮ ಸಾಲಿನ ಟ್ಯೂಬಿಗೆ ಹಿಡಿದೆ.
ಪಟ್ಟಿ, ಪಟ್ಟಿ, ಪಟ್ಟಿ.
ಮಷೀನು ಜೋರು ತುಳಿದು ನೋಡಿದೆ.
ಓಡುವ ಸೂಜಿ ಎರಡಾಗಿ, ಮೇಲೊಂದು ಕೆಳಗೊಂದು,
ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು.
ಗಾಲಿ ಮೆಲ್ಲಗೆ ಹಿಂದಕ್ಕೆ ತಿರುಗುತ್ತಿತ್ತು.

ಮೂರು ವರ್ಷದಿಂದ ನನ್ನ ತಲೆನೋವಿಗೆ
ಬಿಸಿಲು ಅಂದೆ, ನೀಲಿ ಧೂಳು ಅಂದೆ,
ನಲವತ್ತಾಯಿತಲ್ಲ ಅಂದೆ.
ಹೋದ ವರ್ಷ ಮಾಬುನ್ನಿಯ ಉಗುರಿನ ನಡುವೆ ಸೂಜಿ ಇಳಿದಾಗ
"ಸೂಜಿ ನಿಂತಿತ್ತು" ಅಂದಿದ್ದಳು ಅವಳು.
ನಾವೆಲ್ಲ ನಕ್ಕಿದ್ದೆವು.
ನಾನೂ.

ಮೇಸ್ತ್ರಿಗೆ ತೋರಿಸಿದೆ.
"ಟ್ಯೂಬು ಉರೀತಾನೇ ಐತಲ್ಲ?" ಅಂದ.
ಉರಿಯುತ್ತಿತ್ತು, ಸುಳ್ಳಲ್ಲ.

ಮರುದಿನ ಕೋಣೆಯ ಬಲ್ಬು ಬಿಚ್ಚಿ,
ಚೀಲದಲ್ಲಿ ರೊಟ್ಟಿಯ ಮೇಲೆ ಇಟ್ಟುಕೊಂಡು ಹೋದೆ.
ಮಾಬುನ್ನಿಯ ಮಷೀನಿನ ಮೇಲೆ ವೈರು ಇಳಿಬಿಟ್ಟು ಹಚ್ಚಿದೆ.
ಅವಳು ತುಳಿದಳು.
ಸೂಜಿ ಕಾಣಲಿಲ್ಲ,
ಓಡುವ ಸೂಜಿ ಇರಬೇಕಾದ ಹಾಗೆ ಮಸುಕಾಗಿ.
ಮಾಬುನ್ನಿ ಏನೂ ಅನ್ನದೆ
ಬೆರಳನ್ನು ಚೂರು ಹಿಂದಕ್ಕೆ ಎಳೆದುಕೊಂಡಳು.