ಅರ್ಧ ಪುಟ

ಸ್ಮರಣ ಸಂಚಿಕೆಗೆ ಅರ್ಧ ಪುಟ ಬರದ ಕೊಡು ನದಾಫ,
ಅಂದಾರ ದೈಹಿಕ ಶಿಕ್ಷಣದ ಸಾಹೇಬರು.
ಹಾಕಿಗೆ ನಾಕು ಪುಟ, ಕುಸ್ತಿಗೆ ಆರು, ಫೋಟೋ ಬ್ಯಾರೆ.
ಮೊಟ್ಟಿ ಚೆಂಡಿನ ಆಟಕ್ಕ ಅರ್ಧ.
ಸ್ಟೋರಿನ ಕೀಲಿ ನನ್ನ ಹಂತೇಕ ಐತಿ,
ಇತಿಹಾಸನೂ ಇಲ್ಲೇ ಎಲ್ಲೋ ಇರಬೇಕಂತ ಅವರ ಲೆಕ್ಕ.

ಬರೀತೀನ್ರಿ.

ಅರವತ್ನಾಕನೇ ಇಸವಿ. ಅಮೆರಿಕಾದಾಂವ ಒಬ್ಬ ಬಂದಿದ್ದ,
ಬಿಳಿಜೋಳದ ಬೇರು ನೋಡಾಕ.
ಹೋಗೂಮುಂದ ಒಂದು ಚೆಂಡು ಬಿಟ್ಟ, ಒಂದು ಪುಸ್ತಕ ಬಿಟ್ಟ.
ಚೆಂಡು ಎರಡೂ ತುದಿಗೆ ಚೂಪು, ನಡಕ ಲಾಡಿ ಹೊಲಿಗಿ.
ಪುಸ್ತಕಕ್ಕ ನಲವತ್ತರ ಮುಂದ ಪುಟ ಇಲ್ಲ,
ಗೆದ್ದಲ ತಿಂದಿತ್ತು.
ನಲವತ್ತೊಂದರಿಂದ ಧಾರವಾಡದ ನಿಯಮ:

ಬಿದ್ದವನ ಮ್ಯಾಲೆ ಮೂರು ಮಂದಿಕಿಂತ ಹೆಚ್ಚು ಬೀಳಬಾರದು.
ಚಕ್ಕಡಿ ಅಡ್ಡ ಬಂದ್ರ ಆಟ ನಿಲ್ಲಬೇಕು.
ಕಬಡ್ಡಿಯಾಂಗ ಉಸುರು ಹಿಡಿಯೂದು ಬ್ಯಾಡ.
ಆದ್ರೂ ಯಲ್ಲಪ್ಪ ಜಾಲಗಾರ ಹಿಡಿತಿದ್ದ, ರೂಢಿ,
ಗೆರಿ ದಾಟೂಮಟ ಬಾಯಾಗ ಗುಣುಗುಣು.

ಭುಜಕ್ಕ ಕಟಗೊಳ್ಳಾಕ ಏನರೆ ಬೇಕಲ್ಲ.
ನಮ್ಮಪ್ಪ ಹತ್ತಿ ಹಿಂಜಾಂವ. ಗಾದಿ ಹೊಲಿಯೂ ಸೂಜಿಲೆ
ಹನ್ನೊಂದು ಜೋಡಿ ಹೊಲದ,
ಒಳಗ ಜಯಧರ ಹತ್ತಿ, ಮ್ಯಾಲೆ ಖಾಕಿ.
ಕಮಾನಿನ ಟಂಯ್ ಟಂಯ್ ಕೇಳಕೋತ
ಹುಡುಗರು ನಮ್ಮ ಕಟ್ಟಿಮ್ಯಾಲೆ ಚಹಾ ಕುಡಿತಿದ್ರು.
ನಾ ಮೂರನೇ ಇಯತ್ತೆ. ಒಂದು ತೊಟಗೊಂಡು ನೋಡಿದೆ,
ಕಿವಿ ತನಕ ಬಂತು.
ಇವರೇನು ಹಾಸಿಗಿ ಹೊತ್ತು ಓಡ್ತಾರ? ಪೈಲವಾನರು ನಕ್ರು.
ನಗಲಿ.
ಗುದ್ದಿದ್ರ ಹತ್ತಿ ಎಳಿ ಹಾರ್ತಿದ್ವು ಬಿಸಲಾಗ.

ಎದುರಾಳಿ ಇರಲಿಲ್ಲ. ಇದನ್ನ ಬರೀಬೇಕೋ ಬ್ಯಾಡೋ ತಿಳೀವಲ್ದು.
ಪುಣೆಗೆ ಪತ್ರ ಹಾಕಿದ್ರು, ಮೈಸೂರಿಗೆ ಹಾಕಿದ್ರು.
ಒಂದಕ್ಕ ಉತ್ತರ ಬಂತು, ಟೈಪು ಮಾಡಿದ್ದು:
ತಾವು ತಿಳಿಸಿರುವ ಆಟವು ನಮ್ಮಲ್ಲಿ ಇರುವುದಿಲ್ಲ. ತಮಗೆ ಶುಭವಾಗಲಿ.
ಹಂಗಾಗಿ ತಮ್ಮ ಜೋಡಿ ತಾವ ಆಡಿದ್ರು ನಾಕು ವರ್ಷ,
ಆಕಡೆ ಆರು, ಈಕಡೆ ಐದು,
ಕಡಿಮಿ ಬಿದ್ದಲ್ಲೆ ನಾನು.

ಖರೆ ಪಂದ್ಯ ಒಂದ.
ಹುಬ್ಬಳ್ಳಿ ರೇಲ್ವೆ ವರ್ಕಶಾಪಿನವರು, ಫಿಟ್ಟರು, ಬಾಯ್ಲರ ಮಂದಿ.
ಅವರಿಗೆ ಆಟ ಕಲಿಸಾಕ ಎರಡು ಐತವಾರ ಹೋತು.
ಮೂರನೇ ಐತವಾರ ಮಳಿ.
ಎರಿ ಮಣ್ಣು ಕಾಲಿಗೆ ಮೆತ್ತಿ ಮೆತ್ತಿ
ಒಬ್ಬೊಬ್ಬಾಂವ ಗೇಣು ಎತ್ತರ ಆದ,
ಭುಜದ ಹತ್ತಿ ನೀರು ಕುಡದು ಮೊಣಕೈತನಕ ಇಳೀತು,
ಯಾರು ನಮ್ಮವರು ಯಾರು ಅವರು ತಿಳೀಲಿಲ್ಲ.
ಡೇವಿಡ್ ಹೊಂಗಲ ಚೆಂಡು ಅವಚಿಕೊಂಡು ಓಡಿದ.
ಗೆರಿ ದಾಟಿದ (ಗೆರಿ ಎಲ್ಲೈತಿ, ಸುಣ್ಣ ಹರದು ಹೋಗಿತ್ತು),
ಇನ್ನೂ ಓಡಿದ,
ಪೇರಲ ತ್ವಾಟದ ಬೇಲಿ ಹಾರಿ ನಿಂತ,
ಆ ಕಡೆಯಿಂದ ಕೇಳಿದ: ಆತೇನ್ರೋ?

ರಿಜಿಸ್ಟರಿನ್ಯಾಗ ಗೆಲುವು, ಸೋಲು, ಎರಡು ಖಾನೆ.
ಎರಡನ್ನೂ ಕೂಡಿಸಿ ಪ್ರಿನ್ಸಿಪಾಲರು ಬರದಾರ:
ಮಳೆ.

ಅರವತ್ತೆಂಟರಾಗ ರಾಚಪ್ಪ ಬಳಿಗಾರನ ಕೊಳ್ಳೆಲವು ಮುರೀತು.
ಅವರವ್ವ ಬಂದ್ಲು, ಬಳಿ ಬುಟ್ಟಿ ಇಳಿಸಿ
ಆಫೀಸಿನ ಬಾಗಲದಾಗ ಕುಂತ್ಲು.
ಬೈಲಿಲ್ಲ, ಅಳಲಿಲ್ಲ. ಕುಂತ್ಲು ಅಷ್ಟ, ಸಂಜಿತನಕ.
ಮರುದಿನ ಆಟ ಬಂದ್.

ಅಪ್ಪ ಜೋಡಿ ಬಿಚ್ಚಿ ಹತ್ತಿ ಮತ್ತ ಹಿಂಜಿದ,
ಅಕ್ಕನ ಲಗ್ನದ ಗಾದಿಗೆ ಹೋತು.
ರಾತ್ರಿ ಯಾರೋ ನೂಕಿದಾಂಗ ಆಕ್ಕೈತಿ ಅಂತಿದ್ಲು ಆಕಿ.
ಒಂದು ಜೋಡಿ ಮಾತ್ರ ಇಲ್ಲೇ ಮೊಳಿಗೆ ಐತಿ.
ಚೆಂಡೂ ಐತಿ. ಬ್ಲಾಡರ್ ಎರಡು ಸಲ ಬದಲಿಸೀನಿ,
ಖರ್ಚು 'ಇತರೆ'ದಾಗ ಹಾಕೀನಿ, ಸಾಹೇಬ್ರು ಕ್ಷಮಿಸಬೇಕು.

ನಿನ್ನೆ ಥ್ರೋಬಾಲಿನ ಹುಡುಗಿ ಬಂದು ಎತ್ತಿ ಒಗದ್ಲು.
ಎಡಕ್ಕ ಪುಟೀಬೇಕಾದ್ದು ಬಲಕ್ಕ ಪುಟದು
ಬ್ಯಾಟಿನ ಕಪಾಟಿನ ಕೆಳಗ ಹೋತು.
ಯಾಕ್ರಿ ಕಾಕಾ ಹಿಂಗ? ಅಂದ್ಲು.
ಅದು ಹಂಗ ಅವ್ವಾ.

ಅರ್ಧ ಪುಟ ದಾಟಿತು ಅನಸ್ತೈತಿ. ಕತ್ತರಿಸ್ರಿ ಎಲ್ಲಿ ಬೇಕಾದಲ್ಲಿ,
ಇದೊಂದು ಬಿಟ್ಟು:
ಬೇಲಿ ಹಾರಿದ್ದಕ್ಕ ಅಂಕ ಕೊಡ್ತಾರೋ ಇಲ್ಲೋ,
ಪೂರ್ತಿ ಪುಸ್ತಕ ಇದ್ದಾವರು ಯಾರರೆ ಇದ್ರ
ಒಂದು ಕಾರ್ಡು ಬರೀರಿ.