ಉತ್ತರ ಗದ್ಯದಲ್ಲೇ ಇರಬೇಕು

ಶಿಡ್ಲಘಟ್ಟ, ಒಂಬತ್ತನೇ ಕ್ಲಾಸು, ಕಿರುಪರೀಕ್ಷೆ.
ಅಪಠಿತ ಗದ್ಯ: ರೇಷ್ಮೆ. ಹದಿನಾಲ್ಕು ಸಾಲು.

ಮೂರನೇ ಪ್ರಶ್ನೆ:
ಬಿಸಿನೀರಿಗೆ ಬಿದ್ದ ಗೂಡು ಏನಾಗುತ್ತದೆ?
ಎಲ್ಲರೂ ಆರನೇ ಸಾಲು ನೋಡಿ ಬರೆದಿದ್ದಾರೆ,
ಅಂಟು ಕರಗಿ ಎಳೆ ಬಿಡುತ್ತದೆ.

ನಗೀನಾ ಅಷ್ಟಕ್ಕೇ ನಿಲ್ಲಿಸಿಲ್ಲ.
‘ಎಳೆ ಬಿಡುತ್ತೆ ಮೇಡಂ, ಅಮ್ಮಿ ಬೆರಳಿನ ಗೆರೇನೂ.
ರೇಷನ್ ಅಂಗಡಿ ಮಿಷಿನ್ನು
ಮೂರು ಸಲ ಒತ್ತಿಸಿಕೊಂಡು
ನೀನು ನೀನಲ್ಲ ಅಂತು.’

ಎಳೆಗೆ ಒಂದು ಅಂಕ.
ಗೆರೆಗೆ?
ಗದ್ಯದಲ್ಲಿಲ್ಲದ್ದಕ್ಕೆ ಅಂಕವಿಲ್ಲ,
ನಾನೇ ಹೇಳಿಕೊಟ್ಟ ನಿಯಮ.

ಕೆಂಪು ಪೆನ್ನು ಮುಚ್ಚಿ
ಮೊದಲಿನಿಂದ ಓದಿದೆ.
ಹುಳು ಇದೆ, ಸೊಪ್ಪು ಇದೆ, ಸೀರೆ ಇದೆ,
ಯಾವುದೋ ದೇಶದ ರಾಣಿಯೂ ಇದ್ದಾಳೆ.
ಕೈ ಹುಡುಕಿದೆ, ಹದಿನಾಲ್ಕೂ ಸಾಲು.

ಕೊನೆಯ ಪ್ರಶ್ನೆ, ಸೂಕ್ತ ಶೀರ್ಷಿಕೆ ಕೊಡಿ.
ಅವಳು ಖಾಲಿ ಬಿಟ್ಟಿದ್ದಾಳೆ.
ನನಗೂ ಹೊಳೆಯಲಿಲ್ಲ.